ಹೆಸರಾದ ಮೇಲೂ ಶಿಷ್ಯರಾದ ಮನಸೂರರು

ಶಿರಸಿ, ಸೆ. 12: ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮನೆಗಳಿಗೆ ಹಿಂದೂಸ್ತಾನಿ ಗಾಯನವನ್ನು ತಲುಪಿಸಿದ್ದರಲ್ಲಿ 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ಪಾಲು ದೊಡ್ಡದು. ಆ ಕೇಂದ್ರದ ಸಂಗೀತ ಸಲಹೆಗಾರರಾಗಿದ್ದ ಪಂಡಿತ ಮಲ್ಲಿಕಾರ್ಜುನ ಮನಸೂರರು ನಿಧನರಾದದ್ದು 1992ರ ಇದೇ ದಿನ.

1910ರ ಡಿಸೆಂಬರ್ 31ರಂದು ಧಾರವಾಡ ಸಮೀಪದ ಮನಸೂರಿನಲ್ಲಿ ಜನಿಸಿದ ಅವರು ಬಾಲ್ಯದಲ್ಲಿಯೇ ನಾಟಕ ಕಂಪನಿ ಸೇರಿದರು. ಅಲ್ಲಿ ಅವರ ಕಂಠಕ್ಕೆ ಮನಸೋತ ಮಿರಜದ ನೀಲಕಂಠಬುವಾ ಅವರಿಂದ ಗ್ವಾಲಿಯರ್ ಶೈಲಿಯ ಶಿಕ್ಷಣ ದೊರೆಯಿತು. ಯೌವನದಲ್ಲಿಯೇ ಗ್ರಾಮಫೋನ್ ತಟ್ಟೆಗಳು ಹೊರಬಂದು ಹೆಸರಾಯಿತು. ಅಷ್ಟಕ್ಕೇ ತೃಪ್ತರಾಗಬಹುದಿತ್ತು. ಆದರೆ ಅವರು ಜೈಪುರ ಘರಾಣೆಯ ಅಲ್ಲಾದಿಯಾ ಖಾನರ ಪುತ್ರ ಮಂಜಿ ಖಾನರ ಮುಂದೆ ಮತ್ತೆ ಶಿಷ್ಯರಾಗಿ ಕುಳಿತರು. 1937ರಲ್ಲಿ ಮಂಜಿ ಖಾನರು ತೀರಿಕೊಂಡಾಗ ಪಾಠ ಅರ್ಧಕ್ಕೇ ನಿಂತಿತು. ಬೇರೆಯವರಾದರೆ ಹಳೆಯ ಹಾದಿಗೇ ಮರಳುತ್ತಿದ್ದರೇನೋ. ಮನಸೂರರು ಗುರುವಿನ ತಮ್ಮ ಬುರ್ಜಿ ಖಾನರಲ್ಲಿ ಕಲಿಕೆಯನ್ನು ಮುಂದುವರಿಸಿದರು.

ಅಪರೂಪದ ರಾಗಗಳ ಭಂಡಾರ ಅವರಿಗೆ ಒದಗಿದ್ದು ಈ ಹಟದಿಂದಲೇ. ಮನ್ನಣೆ ಮಾತ್ರ ತಡವಾಗಿ ಬಂದಿತು: ಪದ್ಮಶ್ರೀ 1970ರಲ್ಲಿ, ಪದ್ಮವಿಭೂಷಣ 1992ರಲ್ಲಿ. ಅವರು ಹಾಡಿದ ವಚನಗಳು ಶಾಸ್ತ್ರೀಯ ಸಂಗೀತ ಅರಿಯದವರನ್ನೂ ಮುಟ್ಟಿದವು.

ಇಂದು ಕೇಳುವುದಾದರೆ ಅವರ ಸಂಪೂರ್ಣ ಮಾಲಕಂಸ್ ಧ್ವನಿಮುದ್ರಿಕೆ ಇರಲಿ. ಮಾಲಕಂಸ್‌ನಲ್ಲಿ ವರ್ಜ್ಯವಾದ ರಿಷಭ, ಪಂಚಮಗಳು ಇಲ್ಲಿ ಎಷ್ಟು ಸಹಜವಾಗಿ ಬಂದು ಸೇರುತ್ತವೆ ಎಂಬುದನ್ನು ಗಮನಿಸಬೇಕು.