ರಕ್ತದಲ್ಲಿ ಕ್ಯಾನ್ಸರ್‌ನ ಜಾಡು ಹಿಡಿದ ಹಗ್ಗಿನ್ಸ್

ಚಳ್ಳಕೆರೆ: ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಚಳ್ಳಕೆರೆ, ಮೊಳಕಾಲ್ಮುರು ಸೀಮೆಗೆ ಮರಳುವ ಹಿರಿಯರನ್ನು ಕಾಡುವ ಪ್ರಶ್ನೆ ಒಂದೇ: ರೋಗ ಮತ್ತೆ ಬರುವುದೇ? ಇದಕ್ಕೆ ರಕ್ತದಲ್ಲಿಯೇ ಉತ್ತರ ಅರಸುವ ಹಾದಿಯನ್ನು ತೋರಿದವರಲ್ಲಿ ಪ್ರಮುಖರು ಚಾರ್ಲ್ಸ್ ಹಗ್ಗಿನ್ಸ್.

1901ರ ಸೆಪ್ಟೆಂಬರ್ 22ರಂದು ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಜನಿಸಿದ ಅವರು ಹಾರ್ವರ್ಡ್‌ನಲ್ಲಿ ವೈದ್ಯ ಪದವಿ ಪಡೆದು, 1927ರಲ್ಲಿ ಷಿಕಾಗೊ ವಿಶ್ವವಿದ್ಯಾಲಯ ಸೇರಿದರು. 1941ರಲ್ಲಿ ಕ್ಲಾರೆನ್ಸ್ ಹಾಡ್ಜಸ್ ಅವರೊಡಗೂಡಿ ಪ್ರಕಟಿಸಿದ ಅಧ್ಯಯನ ವೈದ್ಯಲೋಕವನ್ನು ಬೆರಗುಗೊಳಿಸಿತು. ವೃಷಣಗಳನ್ನು ತೆಗೆದಾಗ ಇಲ್ಲವೆ ಈಸ್ಟ್ರೊಜನ್ ನೀಡಿದಾಗ ರೋಗಿಯ ರಕ್ತದಲ್ಲಿನ ಆಸಿಡ್ ಫಾಸ್ಫಟೇಸ್ ಕಿಣ್ವ ಇಳಿಯಿತು; ಪುರುಷ ಹಾರ್ಮೋನ್ ಚುಚ್ಚಿದಾಗ ಏರಿತು. ಕ್ಯಾನ್ಸರ್ ಹಾರ್ಮೋನ್‌ಗೆ ಅಧೀನವೆಂಬುದು ಹೀಗೆ ಅಂಕಿಗಳಲ್ಲಿಯೇ ಕಂಡಿತು. ಈ ಕಿಣ್ವದ ಮಹತ್ವವನ್ನು 1938ರಲ್ಲಿಯೇ ಗಟ್‌ಮನ್ ದಂಪತಿ ತೋರಿಸಿದ್ದರೆಂಬುದನ್ನೂ ಇಲ್ಲಿ ಹೇಳಲೇಬೇಕು.

ನೊಬೆಲ್ ಪ್ರಶಸ್ತಿ ಬಂದದ್ದು ಕಾಲು ಶತಮಾನದ ಅನಂತರ, 1966ರಲ್ಲಿ, ಪೇಟನ್ ರೌಸ್ ಅವರ ಜತೆಗೆ.

ಹಗ್ಗಿನ್ಸ್ ಬದುಕಿರುವಾಗಲೇ ಆ ಕಿಣ್ವದ ಸ್ಥಾನವನ್ನು ಪಿಎಸ್‌ಎ ಎಂಬ ಪ್ರೋಟೀನ್ ಆಕ್ರಮಿಸಿತು. ಗ್ರಂಥಿಯನ್ನೇ ತೆಗೆದ ಬಳಿಕ ಪಿಎಸ್‌ಎ ಮಿಲಿಲೀಟರ್‌ಗೆ 0.2 ನ್ಯಾನೋಗ್ರಾಂ ಮುಟ್ಟಿ, ಮರುಪರೀಕ್ಷೆಯಲ್ಲಿಯೂ ಇಳಿಯದಿದ್ದರೆ ರೋಗ ಮರುಕಳಿಸಿದೆಯೆಂದು ವೈದ್ಯರು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ತೆಗೆದ ಗೆಡ್ಡೆಯ ಜೀನ್‌ಗಳನ್ನು ಓದಿ ಅಪಾಯವನ್ನು ಮೊದಲೇ ಅಳೆಯುವ ಪರೀಕ್ಷೆಗಳೂ ಈಗ ಬಂದಿವೆ. ಹಗ್ಗಿನ್ಸ್ 1997ರ ಜನವರಿ 12ರಂದು ಷಿಕಾಗೊದಲ್ಲಿ ನಿಧನರಾದರು. ಅವರಿಗೆ 95 ವರ್ಷ ವಯಸ್ಸಾಗಿತ್ತು.