ಸಾವಿನ ಖಾತೆಗೆ ಶಿಸ್ತು ತಂದ ವಿಲಿಯಂ ಫಾರ್

ವಯಸ್ಸಾದ ಹೆಂಗಸೊಬ್ಬಳು ಬಾವಿಕಟ್ಟೆಯಲ್ಲಿ ನೀರಿನ ಕೊಡ ಎತ್ತುತ್ತಾಳೆ. ತೊಡೆಯ ಎಲುಬು ಮುರಿಯುತ್ತದೆ. ಆಕೆ ಜಾರಿ ಬಿದ್ದಿಲ್ಲ, ಏಟೂ ತಗಲಿಲ್ಲ. ಎಕ್ಸ್‌ರೇ ತೆಗೆದಾಗ ತಿಳಿಯುತ್ತದೆ, ಗಡ್ಡೆಯೊಂದು ಎಲುಬನ್ನು ಒಳಗಿಂದೊಳಗೇ ತಿಂದುಹಾಕಿದೆ ಎಂದು. ಇದನ್ನು ಆಸ್ಪತ್ರೆಯ ಕಾಗದದಲ್ಲಿ ಅಪಘಾತವೆಂದು ಬರೆಯಬೇಕೆ, ರೋಗವೆಂದು ಬರೆಯಬೇಕೆ? ಜಗತ್ತಿನ ಎಲ್ಲ ವೈದ್ಯರೂ ಇಂದು ಈ ಪ್ರಶ್ನೆಗೆ ಒಂದೇ ರೀತಿಯ ಉತ್ತರ ಕೊಡುವಂತಾಗಿದ್ದರೆ, ಅದರ ತಳಪಾಯ ಹಾಕಿದವರಲ್ಲಿ ಮೊದಲಿಗ ಇಂಗ್ಲೆಂಡಿನ ವಿಲಿಯಂ ಫಾರ್.

ಫಾರ್ ಹುಟ್ಟಿದ್ದು 1807ರ ನವೆಂಬರ್ 30ರಂದು, ಶ್ರಾಪ್‌ಷೈರ್ ಪ್ರಾಂತದ ಕೆನ್ಲಿ ಎಂಬ ಸಣ್ಣ ಹಳ್ಳಿಯಲ್ಲಿ. ತಂದೆತಾಯಿ ಬಡವರು. ಜೋಸೆಫ್ ಪ್ರೈಸ್ ಎಂಬ ವೃದ್ಧ ಜಮೀನುದಾರರು ಎಳೆಯ ಹುಡುಗನನ್ನು ತಮ್ಮ ಮನೆಗೆ ಕರೆತಂದು ಸಾಕಿದರು, ಓದಿಸಿದರು. 1828ರಲ್ಲಿ ಅವರು ತೀರಿಕೊಂಡಾಗ ಸಾಕುಮಗನಿಗೆ ಸ್ವಲ್ಪ ಹಣ ಬಿಟ್ಟುಹೋಗಿದ್ದರು. ಆ ಹಣವನ್ನು ಫಾರ್ ಪೋಲುಮಾಡಲಿಲ್ಲ. ಪ್ಯಾರಿಸಿಗೆ ಹೋಗಿ ವೈದ್ಯಶಾಸ್ತ್ರ ಓದಿದರು. ರೋಗಿಗಳನ್ನು ಎಣಿಸಿ, ಹೋಲಿಸಿ ನೋಡುವ ಹೊಸ ಪದ್ಧತಿ ಅಲ್ಲಿ ಆಗ ತಲೆಯೆತ್ತುತ್ತಿತ್ತು. ಅದು ಅವರ ಮನಸ್ಸನ್ನು ಹಿಡಿಯಿತು. ಲಂಡನ್ನಿಗೆ ಮರಳಿ 1832ರಲ್ಲಿ ವೈದ್ಯವೃತ್ತಿಯ ಪರವಾನಗಿ ಪಡೆದರು. ದೊಡ್ಡ ಪದವಿ ಯಾವುದೂ ಇರಲಿಲ್ಲ. ರೋಗಿಗಳೂ ಹೆಚ್ಚು ಬರಲಿಲ್ಲ. 1837ರಲ್ಲಿ ಹೆಂಡತಿ ಕ್ಷಯರೋಗದಿಂದ ತೀರಿಕೊಂಡರು.

ಅದೇ 1837ರ ಜುಲೈ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಜನನ, ಮರಣ, ವಿವಾಹಗಳ ಸರಕಾರಿ ನೋಂದಣಿ ಆರಂಭವಾಯಿತು. ಕಚೇರಿಗೆ ಲೆಕ್ಕ ಬಲ್ಲ ವೈದ್ಯರೊಬ್ಬರು ಬೇಕಾದರು. ಹಾಗೆ ಸೇರಿದ ಫಾರ್ ಸುಮಾರು ನಾಲ್ವತ್ತು ವರ್ಷ ಅಲ್ಲಿಯೇ ದುಡಿದರು.

ಕೆಲಸಕ್ಕೆ ಕೂತಾಗ ಕಂಡದ್ದು ಬರೀ ಗೊಂದಲ. ಒಂದೇ ರೋಗಕ್ಕೆ ಊರಿಗೊಂದು ಹೆಸರು. ಹಲವು ರೋಗಗಳಿಗೆ ಒಂದೇ ಹೆಸರು. ಕಾರಣದ ಬದಲು ಕೊನೆಗಳಿಗೆಯ ಲಕ್ಷಣವನ್ನಷ್ಟೇ ಬರೆದ ಕಾಗದಗಳು ರಾಶಿರಾಶಿ. ತೂಕ, ಅಳತೆಗಳಿಗೆ ಗೊತ್ತಾದ ಮಾನವಿಲ್ಲದಿದ್ದರೆ ವ್ಯಾಪಾರ ಹೇಗೆ ನಡೆಯದೋ, ಹಾಗೆಯೇ ರೋಗಗಳಿಗೆ ಗೊತ್ತಾದ ಹೆಸರಿಲ್ಲದಿದ್ದರೆ ಜನಾರೋಗ್ಯದ ಲೆಕ್ಕವೂ ನಡೆಯದೆಂದು ಅವರು ಮನಗಂಡರು. 1839ರ ಮೊದಲ ವರದಿಯಿಂದಲೇ ಪಟ್ಟಿ ಮಾಡುವ ಕೆಲಸಕ್ಕೆ ತೊಡಗಿದರು. 1845ರಲ್ಲಿ ದೇಶದ ವೈದ್ಯರಿಗೆಲ್ಲ ಮರಣಕಾರಣ ಬರೆಯುವ ಅಚ್ಚಿನ ನಮೂನೆಗಳು ಹೋದವು. ವೈದ್ಯರ ಪ್ರಮಾಣಪತ್ರ ಕಾನೂನಿನಂತೆ ಕಡ್ಡಾಯವಾದುದು 1874ರಲ್ಲಿ.

1853ರಲ್ಲಿ ಬ್ರಸೆಲ್ಸ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನವು ಎಲ್ಲ ದೇಶಗಳಿಗೂ ಒಪ್ಪುವ ಪಟ್ಟಿಯನ್ನು ತಯಾರಿಸುವ ಭಾರವನ್ನು ಫಾರ್ ಮತ್ತು ಜಿನೀವಾದ ಮಾರ್ಕ್ ದೆಸ್ಪಿನ್ ಅವರಿಗೆ ಒಪ್ಪಿಸಿತು. ಫಾರ್ ರೋಗಗಳನ್ನು ಐದು ಗುಂಪು ಮಾಡಿದರು. ಸಾಂಕ್ರಾಮಿಕಗಳು, ಇಡೀ ದೇಹವನ್ನು ಹಿಡಿಯುವ ರೋಗಗಳು, ಒಂದೊಂದು ಅಂಗಕ್ಕೆ ಸೇರಿದ ರೋಗಗಳು, ಬೆಳವಣಿಗೆಗೆ ಸಂಬಂಧಿಸಿದವು, ಕೊನೆಗೆ ಪೆಟ್ಟು-ಆಘಾತಗಳಿಂದ ಬಂದವು.

ನಮ್ಮ ಎಲುಬಿನ ಪ್ರಶ್ನೆ ಏಳುವುದು ಇಲ್ಲಿಯೇ. ಮುರಿದ ಎಲುಬು ಮೇಲ್ನೋಟಕ್ಕೆ ಐದನೆಯ ಗುಂಪಿನದು. ಅದನ್ನು ಮುರಿದ ಅರ್ಬುದ ರೋಗವಾದರೋ ಬೇರೆ ಗುಂಪಿನದು. ಎಲುಬಿನೊಳಗೆ ಇಣಿಕಿ ನೋಡುವ ಎಕ್ಸ್‌ರೇ ಬಂದದ್ದು 1895ರಲ್ಲಿ, ಫಾರ್ ತೀರಿಕೊಂಡು ಹನ್ನೆರಡು ವರ್ಷಗಳ ಮೇಲೆ. ಆದರೂ ರೋಗವನ್ನು ಆಘಾತದಿಂದ ಬೇರ್ಪಡಿಸುವ ಗೆರೆಯನ್ನು ಅವರು ಮೊದಲೇ ಎಳೆದಿಟ್ಟಿದ್ದರು.

ಭಾರತಕ್ಕೂ ಫಾರರಿಗೂ ನಂಟಿದೆ. 1859ರಲ್ಲಿ ನೇಮಕವಾದ, ಭಾರತದ ಸೈನ್ಯದ ಆರೋಗ್ಯ ಸ್ಥಿತಿಯನ್ನು ವಿಚಾರಿಸುವ ಆಯೋಗದಲ್ಲಿ ಅವರು ಸದಸ್ಯರಾಗಿದ್ದರು. ಫ್ಲಾರೆನ್ಸ್ ನೈಟಿಂಗೇಲರ ಅಂಕಿಅಂಶಗಳ ಹಿಂದೆ ಇವರ ನೆರವಿತ್ತು. ಇಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು ಆ ಆಯೋಗ ತೋರಿಸಿಕೊಟ್ಟಿತು. ಕಾಲರಾ ವಿಷಯದಲ್ಲಿ ಕೆಟ್ಟ ಗಾಳಿಯೇ ಕಾರಣವೆಂದು ಫಾರ್ ಮೊದಲು ನಂಬಿದ್ದರು. 1866ರ ಪಿಡುಗಿನಲ್ಲಿ ತಮ್ಮದೇ ಅಂಕಿಗಳು ನೀರಿನತ್ತ ಬೊಟ್ಟುಮಾಡಿದಾಗ ಹಟ ಹಿಡಿಯದೆ ಒಪ್ಪಿಕೊಂಡರು. ಈ ಗುಣ ದೊಡ್ಡದು.

ಇಷ್ಟೆಲ್ಲ ಮಾಡಿದರೂ ಕಚೇರಿಯ ಮುಖ್ಯಸ್ಥರ ಹುದ್ದೆ ತೆರವಾದಾಗ ಅದು ಬೇರೊಬ್ಬರ ಪಾಲಾಯಿತು. ಫಾರ್ 1880ರಲ್ಲಿ ನಿವೃತ್ತರಾದರು. 1883ರ ಏಪ್ರಿಲ್ 14ರಂದು ಕಣ್ಮುಚ್ಚಿದರು.

ಅವರ ಪಟ್ಟಿ ಮಾತ್ರ ಬೆಳೆಯಿತು. ಪ್ಯಾರಿಸಿನ ಜಾಕ್ ಬರ್ತಿಯೋಂ ಅದನ್ನು ತಿದ್ದಿ ವಿಸ್ತರಿಸಿದ್ದು 1893ರಲ್ಲಿ ಅಂಗೀಕೃತವಾಯಿತು. 1948ರಿಂದ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ನೋಡಿಕೊಳ್ಳುತ್ತಿದೆ. ಹನ್ನೊಂದನೆಯ ಆವೃತ್ತಿ 2022ರಲ್ಲಿ ಜಾರಿಗೆ ಬಂತು. ಹತ್ತನೆಯ ಆವೃತ್ತಿಯಲ್ಲಿ ಬಿದ್ದು ತೊಡೆಮೂಳೆ ಮುರಿದರೆ ಎಸ್ 72; ಗಡ್ಡೆಯಿಂದ ಎಲುಬು ಮುರಿದರೆ ಎಂ 90.7. ಈ ಎರಡನೆಯದು ಒಂಟಿಯಾಗಿ ನಿಲ್ಲುವಂತಿಲ್ಲ, ಮೂಲರೋಗದ ಸಂಕೇತ ಜತೆಗಿರಲೇಬೇಕು. ಮರಣಪತ್ರದಲ್ಲಿಯೂ ಅದೇ ನ್ಯಾಯ. ಮೇಲಿನ ಸಾಲಿನಲ್ಲಿ ಕೊನೆಯ ತೊಂದರೆ, ಅದರ ಕೆಳಗೆ ಅದಕ್ಕೆ ಕಾರಣ, ತಳದಲ್ಲಿ ಎಲ್ಲಕ್ಕೂ ಮೂಲ. ಸ್ತನದ ಅರ್ಬುದ ಎಲುಬಿಗೆ ಹರಡಿ ಎಲುಬು ಮುರಿದು ಸಾವು ಬಂದರೆ, ಲೆಕ್ಕಕ್ಕೆ ಸೇರುವುದು ಸ್ತನದ ಅರ್ಬುದವೇ.

ಇದು ಬರೀ ಗುಮಾಸ್ತರ ಕೆಲಸವೆಂದು ತಿಳಿಯಬಾರದು. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ನಮ್ಮ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ಕಾರ್ಯಕರ್ತರು ಹಳ್ಳಿಹಳ್ಳಿಗೆ ಹೋಗಿ ಶಂಕಿತ ರೋಗಿಗಳನ್ನು ಹುಡುಕಿದರು, ಏಕೆಂದರೆ ಆಸ್ಪತ್ರೆಗೆ ಬಾರದ ರೋಗಿ ಲೆಕ್ಕಕ್ಕೂ ಬರುತ್ತಿರಲಿಲ್ಲ. ಲೆಕ್ಕಕ್ಕೆ ಬಾರದ ರೋಗಕ್ಕೆ ಔಷಧಿಯೂ ಯಂತ್ರವೂ ಬರುವುದು ನಿಧಾನ. ಅದೇ ಜಿಲ್ಲೆಯ ನಂದೇಶ್ವರದಿಂದಲೋ ಅಕ್ಕಲಕೋಟೆಯಿಂದಲೋ ಹೋದ ಕನ್ನಡದ ರೋಗಿಯ ಸುತ್ತ ಮರಾಠಿ. ನಮ್ಮ ಕಾಸರಗೋಡಿನವರ ಸುತ್ತ ಮಲಯಾಳ. ಎರಡೂ ಕಡೆ ವೈದ್ಯರ ಬರಹ ಇಂಗ್ಲಿಷು. ತಾಯಿಯ ಎಲುಬೇಕೆ ಮುರಿಯಿತೆಂದು ಮಕ್ಕಳಿಗೇ ತಿಳಿಯದೆ ಹೋಗುವುದುಂಟು. ಸಂಕೇತದ ಅಂಕಿಗಾದರೋ ಗಡಿಯಿಲ್ಲ. ಸೊಲ್ಲಾಪುರದಲ್ಲಿಯೂ ಮಂಗಳೂರಿನಲ್ಲಿಯೂ ಅದರ ಅರ್ಥ ಒಂದೇ.

1969ರ ಜನನ-ಮರಣ ನೋಂದಣಿ ಕಾನೂನಿಗೆ 2023ರಲ್ಲಿ ಆದ ತಿದ್ದುಪಡಿಯಂತೆ, ಮರಣಕಾರಣದ ವೈದ್ಯಕೀಯ ಪ್ರಮಾಣಪತ್ರದ ಪ್ರತಿಯೊಂದು ಹತ್ತಿರದ ಸಂಬಂಧಿಕರಿಗೂ ಸಲ್ಲಬೇಕು. ಅದನ್ನು ಕೇಳಿ ಪಡೆಯುವುದು, ಗೊತ್ತಿದ್ದವರಿಂದ ಓದಿಸಿಕೊಳ್ಳುವುದು, ತಳದ ಸಾಲಿನಲ್ಲಿ ಮೂಲರೋಗವಿದೆಯೇ ಎಂದು ವಿಚಾರಿಸುವುದು ಮನೆಯವರ ಹಕ್ಕು. ಬಡವರ ಮಗನಾಗಿ ಹುಟ್ಟಿದ ಫಾರ್ ಬಡವನ ಸಾವನ್ನೂ ಧನಿಕನ ಸಾವನ್ನೂ ಒಂದೇ ಖಾತೆಯಲ್ಲಿ ಒಂದೇ ಎಚ್ಚರದಿಂದ ಬರೆದರು. ಆ ಖಾತೆಯಲ್ಲಿ ನಮ್ಮವರ ಸಾಲೂ ಸರಿಯಾಗಿ ಇರಲಿ.