ಬರ್ತಾ ಬೆಂಜ್

ಯಂತ್ರಗಳ ಚರಿತ್ರೆಯಲ್ಲಿ ಓಟಕ್ಕೆ ದೊರೆತ ಕೀರ್ತಿ ತಡೆಗೆ ದೊರೆತಿಲ್ಲ. ಮೋಟಾರು ಗಾಡಿಯನ್ನು ನಿರ್ಮಿಸಿದ ಕಾರ್ಲ್ ಬೆಂಜನ ಹೆಸರು ಲೋಕವಿಖ್ಯಾತವಾಯಿತು. ಆ ಗಾಡಿಯನ್ನು ಮೊತ್ತಮೊದಲು ದೂರದ ಊರಿಗೆ ನಡೆಸಿ, ಇಳಿಜಾರಿನಲ್ಲಿ ಅದನ್ನು ಹಿಡಿದು ನಿಲ್ಲಿಸುವ ಉಪಾಯವನ್ನು ದಾರಿಯಲ್ಲಿಯೇ ಕಂಡುಕೊಂಡವಳು ಆತನ ಪತ್ನಿ ಬರ್ತಾ.

ಬರ್ತಾ 1849ರ ಮೇ 3ರಂದು ಜರ್ಮನಿಯ ಬಾಡೆನ್ ಸೀಮೆಯ ಫೋರ್ಟ್ಸ್‌ಹೈಮ್ ಪಟ್ಟಣದಲ್ಲಿ ಜನಿಸಿದಳು. ತಂದೆ ರಿಂಗರ್ ಅನುಕೂಲಸ್ಥನಾದ ಬಡಗಿ. ಮತ್ತೆ ಹೆಣ್ಣೇ ಹುಟ್ಟಿತಲ್ಲ ಎಂಬ ಕೊರಗನ್ನು ಆತನು ಮನೆಯ ಬೈಬಲ್ಲಿನ ಪುಟದಲ್ಲಿ ಬರೆದಿಟ್ಟಿದ್ದನೆಂದು ಹೇಳುತ್ತಾರೆ. ಅಂದಿನ ಜರ್ಮನಿಯಲ್ಲಿ ವಿಶ್ವವಿದ್ಯಾನಿಲಯದ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲ. ಆದರೆ ಯಂತ್ರಗಳ ವಿಷಯದಲ್ಲಿ ಬರ್ತಾಳಿಗಿದ್ದ ಕುತೂಹಲವನ್ನು ಯಾರೂ ಮುಚ್ಚಲಾರದೆ ಹೋದರು.

ಕಾರ್ಲನು ಬಡ ಎಂಜಿನಿಯರು. ಮ್ಯಾನ್‌ಹೈಮ್ ನಗರದಲ್ಲಿ ಆತನು ಪಾಲುದಾರನೊಬ್ಬನೊಡನೆ ಆರಂಭಿಸಿದ್ದ ಕಾರ್ಖಾನೆ ಮುಳುಗುವ ಸ್ಥಿತಿಗೆ ಬಂದಾಗ, ತನಗೆ ಬರಬೇಕಾಗಿದ್ದ ವರದಕ್ಷಿಣೆಯ ಹಣವನ್ನು ಬರ್ತಾ ಮದುವೆಗೆ ಮೊದಲೇ ತರಿಸಿಕೊಟ್ಟು ಅದನ್ನು ಉಳಿಸಿದಳು. 1872ರಲ್ಲಿ ಅವರ ವಿವಾಹವಾಯಿತು. ಮುಂದಿನ ವರ್ಷಗಳು ಸುಖದವಲ್ಲ. ಸಾಲ ಬೆಳೆಯಿತು, ಸಂಸಾರವೂ ಬೆಳೆಯಿತು. 1879ರ ವರ್ಷದ ಕೊನೆಯ ರಾತ್ರಿ ಕಾರ್ಲನ ಎಂಜಿನ್ ಮೊದಲ ಬಾರಿಗೆ ನಿಲ್ಲದೆ ಓಡಿದಾಗ ಬರ್ತಾ ಅದರ ಪಕ್ಕದಲ್ಲಿಯೇ ಇದ್ದಳು.

1886ರ ಜನವರಿ 29ರಂದು ಕಾರ್ಲನು ತನ್ನ ಮೂರು ಗಾಲಿಯ ಮೋಟಾರು ಗಾಡಿಗೆ ಪೇಟೆಂಟು ಬೇಡಿದನು. ಪೇಟೆಂಟಿನಲ್ಲಿದ್ದುದು ಆತನೊಬ್ಬನ ಹೆಸರು. ಗಾಡಿಯನ್ನು ನೋಡಲು ಜನ ಸೇರುತ್ತಿದ್ದರು. ಕೊಳ್ಳಲು ಮುಂದೆ ಬರುವವರು ವಿರಳ. ಕಾರ್ಲನಾದರೋ ಇನ್ನೂ ತಿದ್ದಬೇಕು, ಇನ್ನೂ ಪರೀಕ್ಷಿಸಬೇಕು ಎನ್ನುವ ಸ್ವಭಾವದವನು. ಆ ಗಾಡಿಯಲ್ಲಿ ಹೂಡಿದ್ದುದು ಮನೆಯ ಸರ್ವಸ್ವ. ಅದು ಊರ ಬೀದಿಗಳನ್ನು ಬಿಟ್ಟು ಹೊರಗೆ ಓಡಬಲ್ಲುದೆಂದು ಯಾರಾದರೂ ತೋರಿಸಲೇಬೇಕಾಗಿತ್ತು.

1888ರ ಆಗಸ್ಟ್ ತಿಂಗಳ ಒಂದು ನಸುಕಿನಲ್ಲಿ, ಗಂಡ ಏಳುವ ಮೊದಲೇ, ಬರ್ತಾ ತನ್ನ ಮಕ್ಕಳಾದ ಹದಿನೈದರ ಯೂಜೆನ್ ಮತ್ತು ಹದಿಮೂರರ ರಿಚರ್ಡರೊಡನೆ ಗಾಡಿಯನ್ನು ಹೊರಡಿಸಿದಳು. ಗುರಿ ನೂರು ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿದ್ದ ತವರೂರು ಫೋರ್ಟ್ಸ್‌ಹೈಮ್. ಅಲ್ಲಿದ್ದುದು ಕುದುರೆ ಗಾಡಿಗಳಿಗಾಗಿ ಮಾಡಿದ ರಸ್ತೆಗಳು. ಪೆಟ್ರೋಲ್ ಬಂಕುಗಳ ಮಾತೇ ಇರಲಿಲ್ಲ. ವೀಸ್‌ಲೋಖ್ ಪಟ್ಟಣದ ಔಷಧದಂಗಡಿಯಲ್ಲಿ, ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಎಂಬ ದ್ರವವನ್ನು ಕೊಂಡು ಆಕೆ ಇಂಧನವಾಗಿ ಬಳಸಿದಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಬಿಡಿಸಿದಳು. ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನು ಸುತ್ತಿದಳು. ಏರುಗಳಲ್ಲಿ ಎಂಜಿನ್ನಿನ ಶಕ್ತಿ ಸಾಲದೆ ಗಾಡಿಯನ್ನು ತಳ್ಳಬೇಕಾಯಿತು.

ಏರಿಗಿಂತ ಇಳಿಜಾರು ಭಯಂಕರವಾಗಿತ್ತು. ಮರದ ತುಂಡುಗಳನ್ನು ತಿರುಗುವ ಭಾಗಕ್ಕೆ ಒತ್ತಿ ಹಿಡಿಯುವುದೇ ಆ ಗಾಡಿಯ ಬ್ರೇಕು. ಮತ್ತೆ ಮತ್ತೆ ಉಜ್ಜಿ ಕಾದ ಮರ ಸವೆದು, ಹಿಡಿತ ಸಡಿಲಿತು. ಬರ್ತಾ ದಾರಿಯಲ್ಲಿ ಪಾದರಕ್ಷೆ ಹೊಲಿಯುವವನೊಬ್ಬನ ಬಳಿಗೆ ಹೋಗಿ, ಆ ಮರದ ತುಂಡುಗಳಿಗೆ ಚರ್ಮವನ್ನು ಮೊಳೆ ಹೊಡೆದು ಕೂರಿಸುವಂತೆ ಹೇಳಿದಳು. ಮೋಟಾರು ಗಾಡಿಯ ಬ್ರೇಕಿಗೆ ಮೇಲ್ಪದರವನ್ನು ತೊಡಿಸಿದ ಮೊದಲ ಸಂದರ್ಭವೆಂದು ಇದನ್ನು ಗಣಿಸುತ್ತಾರೆ. ಸವೆಯುವುದು ಚರ್ಮ, ಉಳಿಯುವುದು ಬ್ರೇಕು. ಚರ್ಮ ಸವೆದರೆ ಇನ್ನೊಂದು ತುಂಡನ್ನು ಹೊಡೆಯಬಹುದು.

ಕತ್ತಲಾಗುವ ವೇಳೆಗೆ ಮೂವರೂ ಫೋರ್ಟ್ಸ್‌ಹೈಮನ್ನು ತಲುಪಿ ಕಾರ್ಲನಿಗೆ ತಂತಿ ಕಳುಹಿಸಿದರು. ಕೆಲವು ದಿನಗಳ ಬಳಿಕ ಬೇರೊಂದು ಮಾರ್ಗವಾಗಿ ಗಾಡಿಯಲ್ಲಿಯೇ ಹಿಂದಿರುಗಿದರು. ಏರು ಹತ್ತಲು ಇನ್ನೊಂದು ಗೇರು ಬೇಕೆಂಬ ಬರ್ತಾಳ ಅನುಭವದ ಮಾತನ್ನು ಕಾರ್ಲನು ಒಪ್ಪಿ ಅಳವಡಿಸಿದನು. ಅದೇ ವರ್ಷ ಮ್ಯೂನಿಕ್ಕಿನ ಪ್ರದರ್ಶನದಲ್ಲಿ ಗಾಡಿಗೆ ಚಿನ್ನದ ಪದಕ ಬಂದಿತು. 1899ರಲ್ಲಿ ಬೆಂಜ್ ಕಾರ್ಖಾನೆ 572 ಗಾಡಿಗಳನ್ನು ತಯಾರಿಸಿತು.

ಆ ಚರ್ಮದ ತುಂಡಿನ ಸಂತತಿ ಬಹುದೂರ ಬೆಳೆದಿದೆ. 1897ರಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ ಬ್ರೇಕಿನ ಮೇಲ್ಪದರಗಳ ತಯಾರಿಕೆಗೆ ಕೈಹಾಕಿದನು. 1902ರಲ್ಲಿ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟು ಪಡೆದನು. ಇಂದಿನ ಕಾರುಗಳಲ್ಲಿ ಗಾಲಿಯೊಡನೆ ತಿರುಗುವ ಲೋಹದ ತಟ್ಟೆಯೇ ಡಿಸ್ಕ್. ಅದನ್ನು ಎರಡು ಬದಿಯಿಂದ ಅಮುಕುವ ತುಂಡುಗಳೇ ಪ್ಯಾಡುಗಳು. ಇವು ಹೊಸದಾಗಿದ್ದಾಗ ಕಣ್ಣಿಗೆ ನುಣುಪಾಗಿ ಕಂಡರೂ ಒಂದಕ್ಕೊಂದು ಪೂರ್ತಿಯಾಗಿ ಕೂಡುವುದಿಲ್ಲ. ಹೊಸ ಎತ್ತನ್ನು ನೊಗಕ್ಕೆ ಪಳಗಿಸುವಂತೆ ಇವನ್ನೂ ಪಳಗಿಸಬೇಕು. ತೆರವಾದ ರಸ್ತೆಯಲ್ಲಿ, ಮಿತವಾದ ವೇಗದಲ್ಲಿ ಹೋಗುತ್ತ, ಗಾಡಿಯನ್ನು ಪೂರ್ತಿ ನಿಲ್ಲಿಸದೆ ಹಲವು ಸಲ ಬ್ರೇಕನ್ನು ಒತ್ತಿ ವೇಗವನ್ನು ತಗ್ಗಿಸಬೇಕು. ಅನಂತರ ಬ್ರೇಕನ್ನು ಮುಟ್ಟದೆ ಸ್ವಲ್ಪ ದೂರ ಓಡಿಸಿ ಆರಲು ಬಿಡಬೇಕು. ಹದವಾದ ಕಾವಿನಲ್ಲಿ ಪ್ಯಾಡಿನ ದ್ರವ್ಯ ಡಿಸ್ಕಿನ ಮೇಲೆ ತೆಳುವಾಗಿ, ಸಮವಾಗಿ ಹರಡಿ ಹಿಡಿತ ಬಲಗೊಳ್ಳುತ್ತದೆ. ಆತುರಪಟ್ಟು, ಕಾದ ಡಿಸ್ಕಿಗೆ ಪ್ಯಾಡನ್ನು ಒತ್ತಿಯೇ ನಿಂತರೆ ಆ ದ್ರವ್ಯ ಒಂದೇ ಕಡೆ ಮೆತ್ತಿಕೊಂಡು, ಮುಂದೆ ಬ್ರೇಕು ಹಾಕಿದಾಗಲೆಲ್ಲ ಗಾಡಿ ನಡುಗುವುದುಂಟು. ಕಾರ್ಖಾನೆಯಲ್ಲಿ ಎಷ್ಟೇ ನಿಖರವಾಗಿ ತಯಾರಾದ ವಸ್ತುವಾದರೂ ಅದರ ಕೊನೆಯ ಕೆಲಸ ನಡೆಯುವುದು ರಸ್ತೆಯಲ್ಲಿ. ಅಂದು ಬರ್ತಾ ಗಾಡಿಯನ್ನು ಹೊರಡಿಸಿದ್ದೂ ಇದಕ್ಕಾಗಿಯೇ.

1906ರಲ್ಲಿ ಬೆಂಜ್ ಕುಟುಂಬ ಮ್ಯಾನ್‌ಹೈಮಿನ ಸಮೀಪದ ಲಾಡೆನ್‌ಬುರ್ಗ್ ಎಂಬ ಪುಟ್ಟ ಊರಿನಲ್ಲಿ ಹೊಸ ಕಾರ್ಖಾನೆಯನ್ನು ಹೂಡಿತು. 1929ರಲ್ಲಿ ಕಾರ್ಲನು ಅಲ್ಲಿಯೇ ತೀರಿಕೊಂಡನು. ಬರ್ತಾ ಇನ್ನೂ ಹದಿನೈದು ವರ್ಷ ಬದುಕಿದಳು. 1944ರ ಮೇ 3ರಂದು, ಆಕೆಯ ತೊಂಬತ್ತೈದನೆಯ ಹುಟ್ಟುಹಬ್ಬದ ದಿನ, ಕಾರ್ಲನು ಓದಿದ್ದ ಕಾರ್ಲ್ಸ್‌ರೂಹೆಯ ತಾಂತ್ರಿಕ ವಿದ್ಯಾಸಂಸ್ಥೆ ಆಕೆಗೆ ಗೌರವ ಸೆನೆಟರ್ ಪದವಿಯನ್ನಿತ್ತಿತು. ಹೆಣ್ಣೆಂಬ ಕಾರಣಕ್ಕೆ ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ಹತ್ತಲಾಗದಿದ್ದವಳಿಗೆ ಅದು ಬಹಳ ತಡವಾಗಿ ಸಂದ ಮನ್ನಣೆ. ಎರಡು ದಿನಗಳ ತರುವಾಯ, ಮೇ 5ರಂದು, ಬರ್ತಾ ಲಾಡೆನ್‌ಬುರ್ಗಿನಲ್ಲಿ ಕೊನೆಯುಸಿರೆಳೆದಳು.